ಘಾಟಿಯಲ್ಲಿ ಚಾರ್ಜ್ ದಿಢೀರನೆ ಬಿತ್ತು: ಬ್ಯಾಟರಿ ಹೋಯಿತಾ, ಬದಲಿಸಬೇಕಾ?

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ ಕಾಫಿ ತೋಟ. 2021ರ ಕೊನೆಯಲ್ಲಿ ಹೊಸ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆ. ಬ್ಯಾಟರಿ 30 ಕಿಲೋವಾಟ್ ಅವರ್, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದು. ಈವರೆಗೆ 62,000 ಕಿ.ಮೀ. ಓಡಿದೆ. ಬ್ಯಾಟರಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ಯಾವಾಗಲೂ ಶೇ 80ಕ್ಕೆ ಚಾರ್ಜ್ ನಿಲ್ಲಿಸುತ್ತೇನೆ, ದೂರ ಹೋಗುವಾಗ ಮಾತ್ರ ಫುಲ್. ಮೊದಲು ಫುಲ್ ಚಾರ್ಜ್‌ಗೆ 220 ಕಿ.ಮೀ. ತೋರಿಸುತ್ತಿತ್ತು, ಈಗ 165 ಅಷ್ಟೆ. ಮೊನ್ನೆ ಮಂಗಳೂರಿನಿಂದ ವಾಪಸ್ ಬರುವಾಗ ಸಂಪಾಜೆ ಘಾಟಿಯಲ್ಲಿ ಶೇ 19 ಇದ್ದ ಚಾರ್ಜ್ ಒಂದೇ ಸಲಕ್ಕೆ ಶೇ 8ಕ್ಕೆ ಬಿತ್ತು. ಹೇಗೋ ಮಡಿಕೇರಿ ಮುಟ್ಟಿದೆ. ಗ್ಯಾರೇಜಿನವರೊಬ್ಬರು ಬ್ಯಾಟರಿ ಹೋಗಿದೆ, ಪ್ಯಾಕ್ ಬಿಚ್ಚಿ ಸೆಲ್ ಬದಲಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ನಿಜಕ್ಕೂ ಹೋಗಿದೆಯಾ? ಪರೀಕ್ಷೆ ಮಾಡಿಸುವುದು ಹೇಗೆ? ಬದಲಿಸಬೇಕಾದರೆ ಏನೇನು ದಾರಿಗಳಿವೆ? ಹಳೆ ಬ್ಯಾಟರಿಯನ್ನು ತೋಟದ ಮನೆಯ ಸೋಲಾರ್‌ಗೆ ಹಾಕಿಕೊಳ್ಳಬಹುದಾ?

ಉತ್ತರ: ಮೊದಲು ಒಂದು ಮಾತು. ಪ್ಯಾಕ್ ಬಿಚ್ಚಲು ಯಾರಿಗೂ ಕೊಡಬೇಡಿ. ನಿಮ್ಮ ಕಾರಿನ ಬ್ಯಾಟರಿ ವಾರಂಟಿ ಇನ್ನೂ ಇರುವ ಸಾಧ್ಯತೆ ಜಾಸ್ತಿ. ಹೊರಗಿನವರು ಸೀಲ್ ಮುಟ್ಟಿದ ದಿನವೇ ಅದು ಹೋಗುತ್ತದೆ. ಇನ್ನು, ನೀವು ಬರೆದಿರುವ ಲಕ್ಷಣ ನೋಡಿದರೆ ಇಡೀ ಬ್ಯಾಟರಿ ಸತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಬೇರೆ ಬೇರೆ ವಿಷಯ ಇಲ್ಲಿ ಒಂದಕ್ಕೊಂದು ಸೇರಿಕೊಂಡಿವೆ. 220 ಇದ್ದದ್ದು 165 ಆದದ್ದು ಒಂದು. ಶೇ 19 ಇದ್ದದ್ದು ಶೇ 8 ಆದದ್ದು ಇನ್ನೊಂದು. ಬಿಡಿಸಿ ನೋಡೋಣ.

ಡಿಸ್‌ಪ್ಲೇಯಲ್ಲಿ ಬರುವ ಕಿ.ಮೀ. ಬ್ಯಾಟರಿಯ ಆರೋಗ್ಯ ಹೇಳುವುದಿಲ್ಲ. ನೀವು ಈಚೆಗೆ ಹೇಗೆ ಓಡಿಸಿದ್ದೀರಿ ಅನ್ನುವುದರ ಮೇಲೆ ಕಾರು ಮುಂದಿನದನ್ನು ಅಂದಾಜು ಮಾಡುತ್ತದೆ, ಅಷ್ಟೇ. ಕೊಡಗಿನಲ್ಲಿ ಈ ಅಂದಾಜು ತುಂಬಾ ಏರುಪೇರಾಗುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಮೂವತ್ತು ಕಿ.ಮೀ. ಒಳಗೆ ಸುಮಾರು ಒಂದು ಸಾವಿರ ಮೀಟರ್ ಮೇಲೆ ಹತ್ತುತ್ತೀರಿ. ಜನ, ಸಾಮಾನು ಸೇರಿ ಕಾರಿನ ತೂಕ 1,600 ಕೆ.ಜಿ. ಅಂತ ಇಟ್ಟುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಸುಮಾರು 4.4 ಯೂನಿಟ್ ಬೇಕು (ಒಂದು ಯೂನಿಟ್ ಅಂದರೆ ಒಂದು ಕಿಲೋವಾಟ್ ಅವರ್). ಮೋಟಾರು, ಇನ್ವರ್ಟರಿನಲ್ಲಿ ಹೋಗುವ ನಷ್ಟ ಸೇರಿಸಿದರೆ 5 ಯೂನಿಟ್. ಸಮತಟ್ಟು ರಸ್ತೆಯಲ್ಲೂ ಆ ದೂರಕ್ಕೆ 3 ಯೂನಿಟ್ ಬೇಕೇಬೇಕು. ಒಟ್ಟು 8 ಯೂನಿಟ್. ಅಂದರೆ ನಿಮ್ಮ 30 ಯೂನಿಟ್ ಬ್ಯಾಟರಿಯ ಕಾಲು ಭಾಗಕ್ಕಿಂತ ಜಾಸ್ತಿ ಒಂದು ಘಾಟಿಗೇ ಹೋಯಿತು. ಬ್ಯಾಟರಿ ಹೊಸದಿದ್ದರೂ ಇಷ್ಟೇ ಹೋಗುತ್ತದೆ. ಘಾಟಿ ಹತ್ತಿ ಬಂದ ಮಾರನೇ ದಿನ ಚಾರ್ಜ್ ಮಾಡಿ ನೋಡಿದರೆ ಕಾರು ಕಡಿಮೆ ಕಿ.ಮೀ. ತೋರಿಸುವುದು ಸಹಜ ಅಲ್ವಾ?

ಇಳಿಯುವಾಗ ಇದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಆದರೆ ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಮಡಿಕೇರಿಯಲ್ಲಿ ಶೇ 100 ತುಂಬಿಸಿಕೊಂಡು ನೇರ ಸಂಪಾಜೆ ಕಡೆ ಇಳಿಯುವವರಿಗೆ ರೀಜನ್, ಅಂದರೆ ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಕರೆಂಟು ತುಂಬುವ ವ್ಯವಸ್ಥೆ, ಕೆಲಸ ಮಾಡುವುದಿಲ್ಲ, ಇಲ್ಲವೇ ತೀರಾ ಕಡಿಮೆ ಸಿಗುತ್ತದೆ. ಆಗ ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ. ಇಳಿಯುವ ದಿನ ಶೇ 85–90ಕ್ಕೆ ನಿಲ್ಲಿಸಿ. ಇದು ರೇಂಜ್‌ಗಿಂತ ಹೆಚ್ಚಾಗಿ ನಿಮ್ಮ ಸುರಕ್ಷತೆಯ ವಿಷಯ.

ಮಳೆಗಾಲದಲ್ಲಿ ನೀರು ನಿಂತ ರಸ್ತೆ, ಮಂಜು ತೆಗೆಯೋಕೆ ಸದಾ ಓಡುವ ಹೀಟರ್, ಗಾಳಿ ಕಡಿಮೆ ಇರುವ ಟೈರ್, ಇವೆಲ್ಲ ಸೇರಿದರೂ ರೇಂಜ್ ಸಾಕಷ್ಟು ಇಳಿಯುತ್ತದೆ. ಟೈರ್ ಬದಲಿಸಿದ ಮೇಲೆ ರೇಂಜ್ ಕಮ್ಮಿ ಆಯಿತಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕಂಪನಿಯಿಂದ ಬಂದ ಟೈರ್ ಸವೆದ ಮೇಲೆ ತೋಟದ ರಸ್ತೆಗೆ ಆಗಲಿ ಅಂತ ದಪ್ಪ ಗ್ರಿಪ್ಪಿನದು ಹಾಕಿಸುವವರು ನಮ್ಮ ಕಡೆ ಬಹಳ.

ಈಗ ಎರಡನೆಯದು. ನನಗೆ ನಿಜವಾಗಿ ಮುಖ್ಯ ಅನ್ನಿಸಿದ್ದು ಇದೇ. ಶೇ 19ರಿಂದ 8ಕ್ಕೆ ಜಿಗಿಯುವುದಕ್ಕೆ ಘಾಟಿ ಕಾರಣ ಆಗುವುದಿಲ್ಲ. ಘಾಟಿಯಲ್ಲಿ ಚಾರ್ಜ್ ಬೇಗ ಬೇಗ ಇಳಿಯಬಹುದು, ಆದರೆ 18, 17, 16 ಅಂತ ಸಾಲಾಗಿಯೇ ಇಳಿಯಬೇಕು. ಜಿಗಿತ ಅಂದರೆ ಲೆಕ್ಕ ತಪ್ಪಿದೆ ಅಂತ ಅರ್ಥ. ಅಥವಾ ಒಂದು ಸೆಲ್ ಸೋತಿದೆ.

ಎಲ್‌ಎಫ್‌ಪಿ ಸೆಲ್‌ನ ಸ್ವಭಾವ ಸ್ವಲ್ಪ ಬೇರೆ. ಶೇ 90ರಿಂದ ಶೇ 20ರವರೆಗೂ ಅದರ ವೋಲ್ಟೇಜ್ 3.3, 3.2ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಅಂತ ವೋಲ್ಟೇಜ್ ನೋಡಿ ಹೇಳುವುದು ಕಷ್ಟ. ಬ್ಯಾಟರಿ ನೋಡಿಕೊಳ್ಳುವ ಕಂಪ್ಯೂಟರ್, ಅಂದರೆ ಬಿಎಂಎಸ್, ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಎಣಿಸಿ ಲೆಕ್ಕ ಇಡುತ್ತದೆ. ಸಣ್ಣ ಸಣ್ಣ ತಪ್ಪು ದಿನವೂ ಸೇರುತ್ತಾ ಹೋಗುತ್ತದೆ. ಆ ಲೆಕ್ಕ ಸರಿಮಾಡಿಕೊಳ್ಳಲು ಅದಕ್ಕೆ ಸಿಗುವ ಒಳ್ಳೆ ಜಾಗ ಒಂದೇ: ಪೂರ್ತಿ ತುಂಬಿದಾಗ ವೋಲ್ಟೇಜ್ ಮೇಲೇರುವ ತುದಿ. ನೀವು ತಿಂಗಳುಗಟ್ಟಲೆ ಶೇ 80ಕ್ಕೇ ನಿಲ್ಲಿಸುತ್ತಿದ್ದರೆ ಆ ತುದಿ ಬಿಎಂಎಸ್‌ಗೆ ಕಾಣುವುದೇ ಇಲ್ಲ. ಶೇ 80ರ ಸಲಹೆ ತಪ್ಪಲ್ಲ. ಅದು ಹೇಳಿದ್ದು ಎನ್‌ಎಂಸಿ ಅನ್ನುವ ಬೇರೆ ಜಾತಿಯ ಸೆಲ್‌ಗೆ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಜಾಸ್ತಿ ತಟ್ಟುತ್ತದೆ. ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸಿಂಗ್ ಕೆಲಸ ಹೆಚ್ಚಾಗಿ ನಡೆಯುವುದು ಚಾರ್ಜ್‌ನ ಕೊನೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ಲೈನ್ ಕಡಿದು, ರಾತ್ರಿ ಕರೆಂಟು ಹೋಗುತ್ತಲೇ ಇರುತ್ತದೆ. ಚಾರ್ಜ್ ನಡುವೆ ಕರೆಂಟು ಹೋದರೆ ಬ್ಯಾಟರಿಗೆ ಏನೂ ಹಾನಿ ಇಲ್ಲ, ಅದಕ್ಕೆ ಹೆದರಬೇಡಿ. ಆದರೆ ಆ ಕೊನೆಯ ಒಂದೆರಡು ಗಂಟೆಯ ಕೆಲಸ ನಡೆಯದೇ ಉಳಿಯುತ್ತದೆ. ಒಂದು ಮಳೆಗಾಲ ಪೂರ್ತಿ ಹೀಗಾದರೆ ಸೆಲ್‌ಗಳು ಒಂದಕ್ಕೊಂದು ಮೇಲೆ ಕೆಳಗೆ ಆಗುತ್ತವೆ.

320 ವೋಲ್ಟಿನ ಎಲ್‌ಎಫ್‌ಪಿ ಪ್ಯಾಕ್ ಅಂದರೆ ಸುಮಾರು ನೂರು ಸೆಲ್ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದ್ದು. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತುವವರ ಸಾಲಿನಲ್ಲಿ ಒಬ್ಬ ಕುಳಿತರೆ ಉಳಿದವರೂ ನಿಲ್ಲಬೇಕಲ್ಲ, ಹಾಗೆಯೇ ಇದು. ಒಂದು ಸೆಲ್ ಖಾಲಿಯಾದರೆ ಉಳಿದ ತೊಂಬತ್ತೊಂಬತ್ತರಲ್ಲಿ ಎಷ್ಟಿದ್ದರೂ ಬಿಎಂಎಸ್ ಬಳಸಲು ಬಿಡುವುದಿಲ್ಲ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ. ಬಿಎಂಎಸ್ ಗಾಬರಿಯಾಗಿ ಶೇಕಡಾವಾರು ಒಮ್ಮೆಲೇ ಇಳಿಸುತ್ತದೆ. ನಿಮಗೆ ಆದದ್ದು ಬಹುಶಃ ಇದೇ. ಆ ಸೆಲ್ ಸುಮ್ನೆ ಹಿಂದೆ ಬಿದ್ದಿದೆಯೋ, ನಿಜವಾಗಿ ಕೆಟ್ಟಿದೆಯೋ ಅನ್ನುವುದಷ್ಟೇ ಈಗ ಗೊತ್ತಾಗಬೇಕು.

ಅದಕ್ಕೆ ಮೊದಲ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಖರ್ಚು ಒಂದು ಸಬ್ ಮೀಟರ್‌ನದು ಮಾತ್ರ. ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ ಚಾರ್ಜಿಂಗ್ ಪಾಯಿಂಟ್‌ಗೆ ಅದನ್ನು ಹಾಕಿಸಿ. ಹೇಗೂ ಬಂದಿದ್ದಾರೆ ಅಂತ ಅರ್ಥಿಂಗ್ ಕೂಡ ನೋಡಿಸಿಬಿಡಿ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ತೋಟದ ಮನೆಗಳ ಅರ್ಥಿಂಗ್ ಕೈಕೊಡುತ್ತದೆ.

ಮೊದಲು ಕರೆಂಟು ಸರಿ ಇರುವ ಎರಡು ಮೂರು ರಾತ್ರಿ, 15 ಆಂಪಿಯರ್ ಪಾಯಿಂಟ್‌ನಲ್ಲಿ ನಿಧಾನವಾಗಿ ಶೇ 100ಕ್ಕೆ ಚಾರ್ಜ್ ಮಾಡಿ. ಶೇ 100 ಅಂತ ತೋರಿಸಿದ ಕೂಡಲೇ ಪ್ಲಗ್ ಕೀಳಬೇಡಿ. ಕಾರೇ ಚಾರ್ಜ್ ನಿಲ್ಲಿಸುವವರೆಗೆ ಬಿಡಿ. ಈ ನಡುವೆ ಓಡಿಸುವುದು ಎಂದಿನಂತೆಯೇ. ಆಮೇಲೆ ಒಂದು ದಿನ ಮನೆಯ ಸುತ್ತಮುತ್ತಲೇ ಓಡಿಸಿ ಶೇ 10ಕ್ಕೆ ಇಳಿಸಿ. ಘಾಟಿ ಕಡೆ ಹೋಗಬೇಡಿ. ಮೀಟರ್ ರೀಡಿಂಗ್ ಬರೆದುಕೊಂಡು, ಶೇ 10ರಿಂದ 100ರವರೆಗೆ ಒಂದೇ ಸಲ ಚಾರ್ಜ್ ಮಾಡಿ. ಒಂಬತ್ತು ಹತ್ತು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಮತ್ತೆ ರೀಡಿಂಗ್ ಬರೆದುಕೊಳ್ಳಿ.

ಲೆಕ್ಕ ಹೀಗೆ. ಗೋಡೆಯಿಂದ ಬಂದ ಕರೆಂಟಿನಲ್ಲಿ ಶೇ 12ರಷ್ಟು ಚಾರ್ಜರ್‌ನಲ್ಲಿ, ಬಿಸಿಯಲ್ಲಿ ಹೋಗುತ್ತದೆ ಅಂತ ಹಿಡಿಯಿರಿ. ಮೀಟರ್ 27.5 ಯೂನಿಟ್ ತೋರಿಸಿದರೆ ಬ್ಯಾಟರಿಗೆ ಹೋದದ್ದು ಸುಮಾರು 24.2. ಅದು ಶೇ 90 ಭಾಗ. ಪೂರ್ತಿಗೆ 26.9 ಯೂನಿಟ್. ಮೂವತ್ತಕ್ಕೆ ಹೋಲಿಸಿದರೆ ಶೇ 90. ನಿಮ್ಮ ಕಾರಿನ ವಯಸ್ಸಿಗೆ ಇದು ಚೆನ್ನಾಗಿಯೇ ಇದೆ. ಮೀಟರ್ 25 ತೋರಿಸಿದರೆ ಅದೇ ಲೆಕ್ಕದಲ್ಲಿ ಶೇ 81 ಬರುತ್ತದೆ. ಸ್ವಲ್ಪ ಗಮನ ಕೊಡಬೇಕು. 22ರ ಹತ್ತಿರ ಬಂದರೆ ಶೇ 72, ಆಗ ತಡಮಾಡದೆ ಸರ್ವಿಸ್ ಸೆಂಟರ್‌ಗೆ ಹೋಗಿ. ಇದು ಕರಾರುವಾಕ್ಕಾದ ಅಳತೆ ಅಲ್ಲ. ಕಂಪನಿಯವರು ಒಂದಷ್ಟು ಭಾಗವನ್ನು ಬಳಕೆಗೆ ಬಿಡದೆ ಇಟ್ಟಿರುತ್ತಾರೆ, ಹಾಗಾಗಿ ಹೊಸ ಕಾರಿಗೂ ಪೂರ್ತಿ ನೂರು ಬರುವುದಿಲ್ಲ. ನಾಲ್ಕೈದು ಅಂಕ ಆಚೀಚೆ ಆಗಬಹುದು. ಆದರೂ ಡಿಸ್‌ಪ್ಲೇಯ ಕಿ.ಮೀ.ಗಿಂತ ಎಷ್ಟೋ ಪಾಲು ನಂಬಬಹುದು. ಯೂನಿಟ್‌ಗೆ ಘಾಟಿಯೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಮೋಟಾರ್‌ಗಳು ಓಡುವ ಸಮಯದಲ್ಲಿ ಮಾತ್ರ ಈ ಪರೀಕ್ಷೆ ಬೇಡ. ವೋಲ್ಟೇಜ್ ಬಿದ್ದಾಗ ಚಾರ್ಜ್ ನಿಧಾನ ಆಗಿ ನಷ್ಟದ ಪಾಲು ಹೆಚ್ಚುತ್ತದೆ.

ಹೀಗೆ ಪೂರ್ತಿ ಚಾರ್ಜ್ ಮಾಡಿ ಸೆಲ್‌ಗಳು ಬ್ಯಾಲೆನ್ಸ್ ಆದ ಮೇಲೆ ಶೇ 20ರ ಕೆಳಗೆ ಜಿಗಿತ ನಿಂತುಹೋದರೆ ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯಿತು. ಇನ್ನು ಮುಂದೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಸಲ ಪೂರ್ತಿ ಚಾರ್ಜ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ನಿಲ್ಲದಿದ್ದರೆ ಎರಡನೇ ಪರೀಕ್ಷೆಗೆ ಅಧಿಕೃತ ಸರ್ವಿಸ್ ಸೆಂಟರ್‌ಗೇ ಹೋಗಬೇಕು.

ಅಲ್ಲಿ 'ಬ್ಯಾಟರಿ ಚೆಕ್ ಮಾಡಿ' ಅಂತಷ್ಟೇ ಹೇಳಿದರೆ ಸ್ಕ್ಯಾನರ್ ಹಾಕಿ, ಫಾಲ್ಟ್ ಕೋಡ್ ಏನೂ ಇಲ್ಲ, ಎಲ್ಲಾ ಸರಿ ಇದೆ ಅಂತ ಕಳಿಸಿಬಿಡಬಹುದು. ಏನು ಬೇಕು ಅಂತ ನೀವೇ ಬಿಡಿಸಿ ಕೇಳಿ. ಮೊದಲನೆಯದು ಎಸ್‌ಒಎಚ್, ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜ್‌ನಲ್ಲಿ ಈಗ ಶೇಕಡಾ ಎಷ್ಟು ಹಿಡಿಯುತ್ತದೆ ಅನ್ನುವ ಸಂಖ್ಯೆ. ಅದಕ್ಕಿಂತ ಮುಖ್ಯ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ ವೋಲ್ಟೇಜ್. ಇದನ್ನು ಯಾವ ಸ್ಥಿತಿಯಲ್ಲಿ ನೋಡುತ್ತಾರೆ ಅನ್ನುವುದರಲ್ಲೇ ಎಲ್ಲಾ ಇದೆ. ಶೇ 60 ಚಾರ್ಜ್ ಇದ್ದು, ಕಾರು ನಿಂತಿರುವಾಗ ನೋಡಿದರೆ ಎಲ್‌ಎಫ್‌ಪಿಯಲ್ಲಿ ಎಲ್ಲಾ ಸೆಲ್‌ಗಳೂ ಒಂದೇ ತರ ಕಾಣುತ್ತವೆ. ಕೆಟ್ಟ ಸೆಲ್ ಕೂಡ 3.29 ತೋರಿಸುತ್ತದೆ, ಒಳ್ಳೆಯದೂ 3.30 ತೋರಿಸುತ್ತದೆ. ಶೇ 15ರ ಆಸುಪಾಸಿಗೆ ಇಳಿಸಿಕೊಂಡು ಹೋಗಿ. ಸ್ಕ್ಯಾನರ್ ಹಾಕಿದ ಹಾಗೆಯೇ ಟೆಕ್ನಿಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರು ರಸ್ತೆ ಹತ್ತಿ. ಆಗ ಉಳಿದವೆಲ್ಲ 3.1 ಇದ್ದು, ಒಂದು ಮಾತ್ರ 2.7ಕ್ಕೆ ಬಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸೆಲ್ ನಂಬರ್ ಸಮೇತ ಸ್ಕ್ರೀನ್‌ನ ಫೋಟೋ ತೆಗೆದುಕೊಳ್ಳಿ.

ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಪಾಯಿಂಟ್‌ಗೆ ಹಾಕುವ ಬ್ಲೂಟೂತ್ ಡಾಂಗಲ್‌ನಿಂದ ಮೊಬೈಲಲ್ಲೇ ಇದನ್ನೆಲ್ಲ ನೋಡಬಹುದಾದ ಕಾರುಗಳೂ ಇವೆ. ಬೇಕಾದರೆ ಹಾಕಿ ನೋಡಿ. ಆದರೆ ವಾರಂಟಿ ಕೇಳುವಾಗ ಆ ಆ್ಯಪ್‌ನ ಸಂಖ್ಯೆ ಲೆಕ್ಕಕ್ಕೆ ಬರುವುದು ಅನುಮಾನ. ಅವರ ಜಾಬ್ ಕಾರ್ಡ್‌ನಲ್ಲಿ, ಅಂದರೆ ಸರ್ವಿಸ್‌ಗೆ ಬಿಟ್ಟ ಕಾರಿನ ದೂರು, ಕೆಲಸ ಬರೆಯುವ ಹಾಳೆಯಲ್ಲಿ, ಬರೆದದ್ದೇ ಬರಬೇಕು. ನಿಮ್ಮ ದೂರನ್ನು ಕೂಡ 'ರೇಂಜ್ ಕಡಿಮೆ' ಅಂತ ಬರೆಸಬೇಡಿ. 'ಶೇ 19ರಿಂದ 8ಕ್ಕೆ ಒಮ್ಮೆಲೇ ಇಳಿಯಿತು' ಅಂತ ದಿನಾಂಕ, ಓಡಿದ ಕಿ.ಮೀ. ಸಮೇತ ಬರೆಸಿ. ಮೊದಲನೆಯದಕ್ಕೆ 'ಓಡಿಸುವ ರೀತಿಯಿಂದ ಹಾಗಾಗುತ್ತದೆ' ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಎರಡನೆಯದಕ್ಕೆ ಆ ಉತ್ತರ ನಡೆಯುವುದಿಲ್ಲ. ಬಿಎಂಎಸ್ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯಾ ಅಂತಲೂ ಕೇಳಿ.

ಕಾರು ರ‍್ಯಾಂಪ್ ಮೇಲೆ ಹತ್ತಿದಾಗ ನೀವೂ ಕೆಳಗೆ ನಿಂತು ನೋಡಿ. ತೋಟದ ರಸ್ತೆಗಳಲ್ಲಿ ಜೀಪು, ಟ್ರ್ಯಾಕ್ಟರ್ ಓಡಿ ಎರಡು ಬದಿ ಹಳ್ಳ ಬಿದ್ದು, ನಡುವೆ ದಿಬ್ಬ ಉಳಿದಿರುತ್ತದೆ. ಬ್ಯಾಟರಿಯ ತಳ ಆ ದಿಬ್ಬದ ಕಲ್ಲಿಗೇ ತಾಗುವುದು. ಸಣ್ಣ ಗೀರು ಪರವಾಗಿಲ್ಲ. ಒಳಗೆ ತಗ್ಗಿದ್ದರೆ, ಸೀಲ್ ಅಂಚು ಎದ್ದಿದ್ದರೆ ಬಿಡಬೇಡಿ. ಬ್ಯಾಟರಿ ಪೆಟ್ಟಿಗೆಗೆ ಹೇಳುವ ಐಪಿ67 ಅನ್ನುವ ನೀರು ತಡೆಯುವ ರೇಟಿಂಗ್ ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ, ಅದೂ ಸೀಲ್ ಸರಿ ಇದ್ದಾಗ ಮಾತ್ರ. ಪೆಟ್ಟು ಬಿದ್ದು ಕೆಟ್ಟದ್ದಕ್ಕೆ ವಾರಂಟಿ ಸಿಗುವುದಿಲ್ಲ. ಅದು ಇನ್ಶೂರೆನ್ಸ್ ಲೆಕ್ಕ. ನಿಮ್ಮ ಪಾಲಿಸಿಯಲ್ಲಿ ಬ್ಯಾಟರಿ ಕವರ್ ಇದೆಯಾ ಅಂತ ಇವತ್ತೇ ತೆಗೆದು ನೋಡಿ.

ಬ್ಯಾಟರಿ ಸವೆಯುವುದು ಎಷ್ಟು ಅಂತ ಕೇಳುತ್ತೀರಾ? ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಕಾರುಗಳ ಮಾಹಿತಿ ನೋಡಿದ ಅಧ್ಯಯನಗಳಲ್ಲಿ ಸರಾಸರಿ ವರ್ಷಕ್ಕೆ ಶೇ 2ರ ಆಸುಪಾಸು ಬಂದಿದೆ. ಮೊದಲ ಒಂದೆರಡು ವರ್ಷ ಸ್ವಲ್ಪ ಜಾಸ್ತಿ, ಆಮೇಲೆ ನಿಧಾನ. ಓಡಿಸಿದರೂ ಸವೆಯುತ್ತದೆ, ಸುಮ್ನೆ ನಿಲ್ಲಿಸಿದರೂ ಸವೆಯುತ್ತದೆ. ಅದಕ್ಕೆ ದೊಡ್ಡ ಶತ್ರು ಬಿಸಿಲಿನ ಕಾವು. ಆ ಮಟ್ಟಿಗೆ ಕೊಡಗಿನ ಹವೆ ನಿಮ್ಮ ಬ್ಯಾಟರಿಗೆ ದೊಡ್ಡ ವರ. ಅದೇ ಕಾರು ರಾಯಚೂರಿನಲ್ಲಿ ಬಿಸಿಲಿಗೆ ನಿಂತಿದ್ದರೆ ಬೇರೆ ಕತೆ. ಚಳಿಗಾಲದ ಬೆಳಗ್ಗೆ ಬ್ಯಾಟರಿ ತಣ್ಣಗಿದ್ದಾಗ ರೀಜನ್, ಫಾಸ್ಟ್ ಚಾರ್ಜ್ ಎರಡೂ ನಿಧಾನ ಆಗಬಹುದು. ಬಿಸಿಲೇರಿದ ಮೇಲೆ ಸರಿಹೋಗುತ್ತದೆ. ಊರಲ್ಲಿ ಇಲ್ಲದೆ ಕಾರು ವಾರಗಟ್ಟಲೆ ನಿಲ್ಲುವುದಾದರೆ ಅರ್ಧ ಚಾರ್ಜ್‌ನಲ್ಲಿ ಬಿಟ್ಟು ಹೋಗಿ. ಹಾಗೆ ನಿಂತ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿಸಿ. ದೊಡ್ಡದು ಹೋಯಿತು ಅಂತ ಹೆದರುವ ಎಷ್ಟೋ ಜನರಿಗೆ ಹೋಗಿರುವುದು ಆ ಸಣ್ಣದು.

ಈಗ ಬದಲಿಸುವ ವಿಷಯ. ನಿಮ್ಮ ಮೊದಲ ದಾರಿ ವಾರಂಟಿ. ನೆಕ್ಸಾನ್ ಇವಿಯ ಈ ಅಳತೆಯ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಎಂಜಿ ಜಡ್‌ಎಸ್ ಇವಿಗೆ 8 ವರ್ಷ ಅಥವಾ 1.5 ಲಕ್ಷ ಕಿ.ಮೀ., ಹೀಗೆ ಆಗಿನ ಕಾರುಗಳಲ್ಲಿ ಹೆಚ್ಚಿನವರದು 8 ವರ್ಷದ ಆಸುಪಾಸಿನಲ್ಲೇ ಇದೆ. ನಿಮ್ಮದೂ ಹಾಗೇ ಇದ್ದರೆ 2029ರ ಕೊನೆವರೆಗೆ ಸಮಯ ಇದೆ. ವಾರಂಟಿ ಪುಸ್ತಕದಲ್ಲಿ ಎರಡು ಸಾಲು ಹುಡುಕಿ. ಎಸ್‌ಒಎಚ್ ಎಷ್ಟಕ್ಕಿಂತ ಕೆಳಗೆ ಹೋದರೆ ರಿಪೇರಿ ಮಾಡಿಕೊಡುತ್ತಾರೆ ಅನ್ನುವುದು ಒಂದು. ವರ್ಷದ ಸರ್ವಿಸ್ ತಪ್ಪಿಸಿದರೆ ಏನಾಗುತ್ತದೆ ಅನ್ನುವುದು ಇನ್ನೊಂದು. ವಿಶ್ವಸಂಸ್ಥೆ 2022ರಲ್ಲಿ ಒಪ್ಪಿದ ಮಾದರಿ ನಿಯಮದಲ್ಲಿ 5 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಶೇ 80, 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಶೇ 70 ಉಳಿದಿರಬೇಕು ಅಂತಿದೆ. ನಿಮ್ಮ ಕಂಪನಿಯನ್ನು ಅದು ಕಟ್ಟಿಹಾಕದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಸೆಲ್ ಕೆಟ್ಟಿರುವುದು ಮಾತ್ರ ಬೇರೆ ಲೆಕ್ಕ. ಒಟ್ಟು ಎಸ್‌ಒಎಚ್ ಶೇ 85 ಇದ್ದರೂ ಒಂದು ಸೆಲ್ ಸೋತಿದ್ದರೆ ಅದು ದೋಷ, ಸವೆತ ಅಲ್ಲ. ಹಾಗಂತಲೇ ಪಟ್ಟು ಹಿಡಿದು ಮಾತಾಡಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಅಲ್ಲಿ ನಿಮ್ಮ ಕೈಹಿಡಿಯುವುದು ಆ ಜಾಬ್ ಕಾರ್ಡ್‌ಗಳೇ.

ವಾರಂಟಿಯಲ್ಲಿ ಆಗದಿದ್ದರೆ ಎರಡನೇ ದಾರಿ, ಕೆಟ್ಟ ಮಾಡ್ಯೂಲ್, ಅಂದರೆ ಕೆಲವು ಸೆಲ್‌ಗಳ ಒಂದು ಗುಂಪು, ಮಾತ್ರ ಅಧಿಕೃತವಾಗಿಯೇ ಬದಲಿಸುವುದು. ನೂರು ಸೆಲ್‌ನಲ್ಲಿ ಕೆಲವು ಕೆಟ್ಟದ್ದಕ್ಕೆ ಇಡೀ ಪ್ಯಾಕ್ ಬದಲಿಸುವುದು ದುಬಾರಿ, ಅನಗತ್ಯ ಕೂಡ. 'ಪ್ಯಾಕ್ ಬೇಡ, ಮಾಡ್ಯೂಲ್ ಮಟ್ಟದಲ್ಲಿ ಎಷ್ಟಾಗುತ್ತದೆ' ಅಂತ ಕೊಟೇಶನ್ ಬರವಣಿಗೆಯಲ್ಲಿ ಕೇಳಿ.

ಇಡೀ ಹೊಸ ಪ್ಯಾಕ್ ಕೊನೆಯ ದಾರಿ. ಬ್ಲೂಮ್‌ಬರ್ಗ್‌ಎನ್‌ಇಎಫ್ ಅನ್ನುವ ಸಂಶೋಧನಾ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಪ್ಯಾಕ್‌ನ ಜಾಗತಿಕ ಸರಾಸರಿ ಬೆಲೆ ಯೂನಿಟ್‌ಗೆ 115 ಡಾಲರ್. 30 ಯೂನಿಟ್‌ಗೆ ಮೂರು ಲಕ್ಷ ರೂಪಾಯಿ ಆಸುಪಾಸು ಆಯಿತು. ಅದು ಕಂಪನಿಗಳು ಸಗಟಿನಲ್ಲಿ ಕೊಳ್ಳುವ ಬೆಲೆ. ಬಿಡಿಭಾಗದ ಕೌಂಟರ್‌ನಲ್ಲಿ ನಿಮಗೆ ಅದಕ್ಕಿಂತ ಸಾಕಷ್ಟು ಜಾಸ್ತಿ ಹೇಳುತ್ತಾರೆ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5 ಇದ್ದರೂ ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ 18. ಆದರೆ ಒಟ್ಟಾರೆ ನೋಡಿದರೆ ಬೆಲೆ ಇಳಿಯುತ್ತಾ ಬಂದಿದೆ. ಎಸ್‌ಒಎಚ್ ಶೇ 80 ಇರುವ ಕಾರು ನಾಪೋಕ್ಲು, ಮಡಿಕೇರಿ, ವಿರಾಜಪೇಟೆ ಓಡಾಟಕ್ಕೆ ಧಾರಾಳ ಸಾಕು. ಮಂಗಳೂರಿಗೆ ಹೋಗುವಾಗ ದಾರಿಯಲ್ಲಿ ಒಂದು ಸಲ ಜಾಸ್ತಿ ಚಾರ್ಜ್ ಮಾಡಿದರಾಯಿತು. ಬರೀ ಸವೆತಕ್ಕೆ ಅಂತ ಲಕ್ಷಗಟ್ಟಲೆ ಸುರಿಯಬೇಡಿ.

ಗ್ಯಾರೇಜಿನವರು ಹೇಳಿದ ಸೆಲ್ ಬದಲಾವಣೆ ಯಾಕೆ ಬೇಡ ಅನ್ನುತ್ತೇನೆ ಅಂದರೆ, ಅಲ್ಲಿ ಇರುವುದು 320 ವೋಲ್ಟ್ ಡಿಸಿ. ಮೈನ್ ಆಫ್ ಮಾಡಿದರೂ ಸೆಲ್‌ಗಳ ಸಾಲು ಆಫ್ ಆಗುವುದಿಲ್ಲ. ಸರಿಯಾದ ಗ್ಲೌಸ್, ಉಪಕರಣ, ತರಬೇತಿ ಇಲ್ಲದೆ ಮುಟ್ಟಿದರೆ ಜೀವಕ್ಕೇ ಅಪಾಯ. ಹಳೆ ಸಾಲಿಗೆ ಬೇರೆ ಸಾಮರ್ಥ್ಯದ ಹೊಸ ಸೆಲ್ ಸೇರಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ ರಾಮಾಯಣ. ಬಿಚ್ಚಿದ ಪ್ಯಾಕ್ ಮತ್ತೆ ಸರಿಯಾಗಿ ಸೀಲ್ ಆಗದೆ ನಮ್ಮ ಭಾಗಮಂಡಲ ಕಡೆಯ ಮಳೆಗೆ ಸಿಕ್ಕರೆ ಏನಾಗಬಹುದು, ನೀವೇ ಯೋಚಿಸಿ. ಅಪಘಾತವಾದ ಕಾರಿನ ಪ್ಯಾಕ್ ಅಗ್ಗಕ್ಕೆ ಸಿಗುತ್ತದೆ ಅಂದರೂ ನನ್ನ ಉತ್ತರ ಇದೇ. ಅದು ಎಂಥಾ ಪೆಟ್ಟು ತಿಂದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ನಿಮ್ಮ ಕಾರಿನ ಕಂಪ್ಯೂಟರ್ ಅದನ್ನು ಒಪ್ಪಿಕೊಳ್ಳುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಕೊನೆಯದಾಗಿ ಸೋಲಾರ್. ಆಸೆ ಒಳ್ಳೆಯದೇ. ಕಾರಿಗೆ ಸಾಕಾಗದ ಬ್ಯಾಟರಿ ಮನೆಯ ದೀಪ, ಫ್ರಿಜ್‌ಗೆ ಇನ್ನೂ ಎಷ್ಟೋ ವರ್ಷ ಬರುತ್ತದೆ, ಅದು ನಿಜ. ಆದರೆ ಕಾರಿನ ಪ್ಯಾಕನ್ನು ಹಾಗೇ ಮನೆಗೆ ತಂದು ಇನ್ವರ್ಟರ್‌ಗೆ ಜೋಡಿಸುವ ಕೆಲಸ ಅಲ್ಲ. ಸೆಲ್ ಬಿಡಿಸಿ, ಒಂದೊಂದನ್ನೂ ಅಳೆದು, 48 ವೋಲ್ಟಿಗೆ ಮತ್ತೆ ಜೋಡಿಸಿ, ಬೇರೆ ಬಿಎಂಎಸ್ ಹಾಕಬೇಕು. ಕಾಫಿ ಮೂಟೆ, ಸೌದೆ, ಡೀಸೆಲ್ ಇಟ್ಟಿರುವ ಗೋದಾಮಿನ ಮೂಲೆಯಲ್ಲಿ ಇಂಥದ್ದು ಇರಬಾರದು. ವಾರಂಟಿಯಲ್ಲಿ ಬದಲಿಸಿದರೆ ಹಳೆಯದನ್ನು ಕಂಪನಿಯೇ ಇಟ್ಟುಕೊಳ್ಳುತ್ತದೆ. ನೀವು ದುಡ್ಡು ಕೊಟ್ಟು ಹೊಸದು ಹಾಕಿಸುವುದಾದರೆ ಹಳೆಯದಕ್ಕೆ ಬಿಲ್ಲಿನಲ್ಲಿ ಎಷ್ಟು ಕಡಿಮೆ ಮಾಡುತ್ತಾರೆ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವರಿಗೆ ಮಾತ್ರ ಕೊಡಬೇಡಿ.